ಆಲ್ಪ್ಸ್ ಚಾರಣ: ಶಿಖರವೋ, ಪಾಸೋ, ತಂಗುಮನೆಯೋ? ಹಾದಿ ಆರಿಸುವವರಿಗೊಂದು ಹೋಲಿಕೆ

ಆಲ್ಪ್ಸ್‌ಗೆ ಹೊರಟವರು ಮೊದಲು ವಿಚಾರಿಸುವುದು ಶಿಖರದ ಹೆಸರನ್ನೇ. ಮಾಂಟ್ ಬ್ಲಾಂಕ್ ಹತ್ತಲು ಎಷ್ಟು ದಿನ ಬೇಕು, ಮ್ಯಾಟರ್‌ಹಾರ್ನ್ ನಮ್ಮಂಥವರಿಗೆ ಆದೀತೇ ಎಂದು ಕೇಳುತ್ತಾರೆ. ಬರೀ ನಡೆಯುವ ಅಭ್ಯಾಸವಿರುವವರಿಗೆ ಎರಡೂ ಆಗುವುದಿಲ್ಲ. 4,800 ಮೀಟರ್ ಮೀರಿದ ಮಾಂಟ್ ಬ್ಲಾಂಕ್‌ಗೆ ಹಗ್ಗ, ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳು, ಹಿಮಗೊಡಲಿ ಬೇಕು. ಇವನ್ನು ಬಳಸಿ ಪಳಗಿದ ಕೈಯೂ ಬೇಕು. 2022ರ ಬೇಸಿಗೆಯಲ್ಲಿ ಝಳಕ್ಕೆ ಬಂಡೆಗಳು ಕಳಚಿ ಉರುಳತೊಡಗಿದಾಗ ಅದರ ಸಾಮಾನ್ಯ ಮಾರ್ಗದಲ್ಲಿರುವ ಎರಡು ತಂಗುಮನೆಗಳನ್ನೇ ಕೆಲಕಾಲ ಮುಚ್ಚಬೇಕಾಯಿತು. ನಡೆಯುವವರ ಆಲ್ಪ್ಸ್ ಇರುವುದು ಅದಕ್ಕಿಂತ ಕೆಳಗೆ, ಸುಮಾರು 1,000ದಿಂದ 3,000 ಮೀಟರ್‌ಗಳ ನಡುವೆ. ಅಲ್ಲಿ ಒಂದು ಆಯುಷ್ಯಕ್ಕೆ ಸಾಲುವಷ್ಟು ಹಾದಿಗಳಿವೆ, ಆರಿಸುವುದೇ ಕಷ್ಟ.

ನನ್ನ ಸಲಹೆ ತುಸು ತಲೆಕೆಳಗು ಎನಿಸಬಹುದು. ಶಿಖರವನ್ನು ಕೊನೆಗೆ ಆರಿಸಿ, ಮೊದಲು ತಂಗುಮನೆಗಳನ್ನು ಆರಿಸಿ. ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದು ನಿಶ್ಚಯವಾದರೆ ಮರುದಿನ ಯಾವ ಪಾಸ್ (ಬೆಟ್ಟಸಾಲನ್ನು ದಾಟಿಸುವ, ಶಿಖರಗಳ ನಡುವಿನ ತಗ್ಗು) ದಾಟಬೇಕು, ಎಷ್ಟು ಭಾರ ಹೊರಬೇಕು, ಎಷ್ಟು ಹಣ ಕರಗುತ್ತದೆ, ಮಳೆ ಹಿಡಿದರೆ ಯಾವ ಕಡೆ ಇಳಿಯಬೇಕು ಎಂಬುದೆಲ್ಲ ಅದರ ಹಿಂದೆಯೇ ನಿಶ್ಚಯವಾಗುತ್ತದೆ.

ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಉಂಡು ಕುಮಾರ ಪರ್ವತ ಹತ್ತಿದವರಿಗೆ ತಂಗುಮನೆಯ ಕಲ್ಪನೆ ಹೊಸದಲ್ಲ: ಬೆಟ್ಟದ ನಡುವೆ ಒಂದು ಸೂರು, ಬಿಸಿ ಊಟ, ಒಂದಿಷ್ಟು ಜಾಗ. ಆಲ್ಪ್ಸ್‌ನಲ್ಲಿ ಅದೇ ಒಂದು ದೊಡ್ಡ ವ್ಯವಸ್ಥೆಯಾಗಿ ಬೆಳೆದಿದೆ. ಫ್ರಾನ್ಸ್‌ನಲ್ಲಿ ಫಲಕದ ಮೇಲೆ ರೆಫ್ಯೂಜ್ ಎಂದಿರುತ್ತದೆ, ಇಟಲಿಯಲ್ಲಿ ರಿಫುಜಿಯೊ, ಜರ್ಮನ್ ಮಾತಾಡುವ ಕಡೆ ಹ್ಯೂಟೆ, ಸ್ವಿಟ್ಜರ್‌ಲೆಂಡಿನ ಫ್ರೆಂಚ್ ಭಾಗದಲ್ಲಿ ಕಬಾನ್. ಇವುಗಳಲ್ಲಿ ಬಹಳಷ್ಟನ್ನು ಕಟ್ಟಿದ್ದು 19ನೇ ಶತಮಾನದಲ್ಲಿ ಹುಟ್ಟಿದ ಪರ್ವತಾರೋಹಣ ಸಂಘಗಳು. ಆಸ್ಟ್ರಿಯಾದ ಸಂಘ 1862ರದು, ಸ್ವಿಸ್ ಮತ್ತು ಇಟಲಿಯ ಸಂಘಗಳು 1863ರವು, ಜರ್ಮನಿಯದು 1869ರದು.

ಮೂರು ಗುರಿ, ಮೂರು ಬಗೆಯ ದಿನ

ಶಿಖರ, ಪಾಸ್, ತಂಗುಮನೆ. ಈ ಮೂರರಲ್ಲಿ ಯಾವುದನ್ನು ಗುರಿಯಾಗಿಸಿಕೊಂಡರೂ ಬೆವರು ಸುರಿಯುವುದು ತಪ್ಪದು, ಆದರೆ ದಿನದ ಸ್ವರೂಪ ಬೇರೆಯಾಗುತ್ತದೆ. ಶಿಖರಕ್ಕೆ ಹೋಗುವವರು ದೊಡ್ಡ ಚೀಲವನ್ನು ತಂಗುಮನೆಯಲ್ಲಿಟ್ಟು ನೀರು, ತಿಂಡಿ, ಮಳೆಯಂಗಿ ಮಾತ್ರ ಹೊತ್ತು ಹಗುರಾಗಿ ಹತ್ತಿ ಅದೇ ದಾರಿಯಲ್ಲಿ ಮರಳುತ್ತಾರೆ. ಮೋಡ ಕವಿದರೆ ಅರ್ಧದಲ್ಲೇ ತಿರುಗಬಹುದು, ನಷ್ಟವೇನಿಲ್ಲ. ಪಾಸ್ ದಾಟುವವರಿಗೆ ಆ ಸೌಕರ್ಯವಿಲ್ಲ. ಮನೆಯೆಲ್ಲ ಬೆನ್ನ ಮೇಲೆ, ರಾತ್ರಿಯ ಹಾಸಿಗೆ ಪಾಸ್‌ನ ಆ ಬದಿಯಲ್ಲಿ. ಹಿಂತಿರುಗಿದರೆ ಆ ದಿನದ ಯೋಜನೆ ಜೊತೆಗೆ ಮುಂದಿನ ನಾಲ್ಕು ದಿನಗಳ ಮುಂಗಡ ಬುಕಿಂಗೂ ಏರುಪೇರಾಗುತ್ತದೆ. ಹಾಗಾಗಿ 2,500 ಮೀಟರ್‌ನ ಪಾಸ್ 3,000 ಮೀಟರ್‌ನ ಸುಲಭ ಶಿಖರಕ್ಕಿಂತ ಹೆಚ್ಚು ಎಚ್ಚರಿಕೆ ಬೇಡುತ್ತದೆ. ಎತ್ತರದ ಅಂಕಿ ನೋಡಿ ಮೋಸಹೋಗುವವರು ಇಲ್ಲೇ ಎಡವುವುದು.

ಇನ್ನು ತಂಗುಮನೆಯೇ ಗುರಿ. ಮಕ್ಕಳಿದ್ದರೆ, ತಂದೆತಾಯಿ ಜೊತೆಗಿದ್ದರೆ, ಅಥವಾ ಪ್ರವಾಸದ ನಡುವೆ ಎರಡೇ ದಿನ ಬಿಡುವಿದ್ದರೆ ಇದೇ ಸರಿ. ಇಟಲಿಯ ವಾಲ್ಸಾವರಾಂಶ್ ಕಣಿವೆಯ ಪಾಂಟ್‌ನಿಂದ ಹೊರಟರೆ ಎರಡು-ಎರಡೂವರೆ ಗಂಟೆಯಲ್ಲಿ 2,700 ಮೀಟರ್ ಮೀರಿದ ವಿಟ್ಟೋರಿಯೊ ಎಮಾನ್ವೆಲೆ ತಂಗುಮನೆ ಸಿಗುತ್ತದೆ. ಬೆಳಗಿನ ಜಾವ ಹಗ್ಗ ಕಟ್ಟಿಕೊಂಡು 4,061 ಮೀಟರ್‌ನ ಗ್ರಾನ್ ಪಾರಾದಿಸೊ ಶಿಖರಕ್ಕೆ ಹೊರಡುವವರು ಹೊರಡಲಿ. ನೀವು ಚಹಾ ಹಿಡಿದು ಕುಳಿತರೆ ಐಬೆಕ್ಸ್ ಎಂಬ ಉದ್ದ ಕೊಂಬಿನ ಕಾಡುಮೇಕೆಗಳು ಬಂಡೆಗಳ ನಡುವೆ ಮೇಯುವುದನ್ನು ನೋಡಬಹುದು. ಯುರೋಪಿನಿಂದ ಬಹುತೇಕ ಅಳಿದೇ ಹೋಗಿದ್ದ ಈ ಪ್ರಾಣಿ ಉಳಿದದ್ದು ಇಲ್ಲಿ, ಮೊದಲು ರಾಜನ ಬೇಟೆಗಾಡಾಗಿದ್ದುದರಿಂದ, ಆಮೇಲೆ 1922ರಲ್ಲಿ ಇದು ಇಟಲಿಯ ಮೊದಲ ರಾಷ್ಟ್ರೀಯ ಉದ್ಯಾನವಾದುದರಿಂದ.

ಮಾಂಟ್ ಬ್ಲಾಂಕ್ ಪ್ರದಕ್ಷಿಣೆ

ಟೂರ್ ದು ಮಾಂಟ್ ಬ್ಲಾಂಕ್ ಎಲ್ಲರ ಬಾಯಲ್ಲೂ ಇರುವ ಹೆಸರು. ಚಾರಣಿಗರು ಟಿಎಂಬಿ ಎನ್ನುತ್ತಾರೆ. ಫ್ರಾನ್ಸ್, ಇಟಲಿ, ಸ್ವಿಟ್ಜರ್‌ಲೆಂಡ್ ಮೂರನ್ನೂ ಹಾದು ಸುಮಾರು 170 ಕಿಲೋಮೀಟರ್ ಸುತ್ತು; ಒಟ್ಟು ಏರಿಕೆ ಸುಮಾರು 10,000 ಮೀಟರ್; ಸಾಮಾನ್ಯವಾಗಿ ಹತ್ತು-ಹನ್ನೊಂದು ದಿನ. ಬೆಟ್ಟವನ್ನು ಹತ್ತದೆ ಅದಕ್ಕೊಂದು ಪ್ರದಕ್ಷಿಣೆ ಬರುವುದು ನಮ್ಮವರಿಗೆ ಒಗ್ಗುವ ಕ್ರಮವೇ, ಆದರೆ ಇಲ್ಲಿ ಹೆಚ್ಚಿನವರು ಹೋಗುವುದು ಅಪ್ರದಕ್ಷಿಣೆಯಾಗಿ. ಶಾಮೊನಿ ಬಳಿಯ ಲೇ ಊಶ್‌ನಿಂದ ಹೊರಟು ಬೆಟ್ಟವನ್ನು ಎಡಕ್ಕಿಟ್ಟುಕೊಂಡು ನಡೆಯುತ್ತಾರೆ. ಜಿನೀವಾದ ವಿಜ್ಞಾನಿ ಹೊರಾಸ್ ಬೆನೆಡಿಕ್ಟ್ ದ ಸೋಸ್ಯೂರ್ 1767ರಲ್ಲೇ ಈ ಸುತ್ತು ಹಾಕಿದ್ದ. ಶಿಖರವನ್ನು ಮೊದಲು ಮುಟ್ಟಿದ್ದು ಅದಾಗಿ ಹತ್ತೊಂಬತ್ತು ವರ್ಷಗಳ ಮೇಲೆ, 1786ರ ಆಗಸ್ಟ್ 8ರಂದು, ಶಾಮೊನಿಯ ಬಾಲ್ಮಾ ಮತ್ತು ಪಕ್ಕಾರ್.

ಈ ಹಾದಿಯ ಬಲ ಅದರ ಪಾಸ್‌ಗಳಲ್ಲಿದೆ. 2,516 ಮೀಟರ್‌ನ ಕೋಲ್ ದ ಲಾ ಸೆನ್ಯ್ ಫ್ರಾನ್ಸ್–ಇಟಲಿ ಗಡಿ. ಅಲ್ಲಿ ಕಾವಲುಗಾರನಿಲ್ಲ, ಗೇಟಿಲ್ಲ. ಕಲ್ಲುಗುಪ್ಪೆ ದಾಟಿ ಒಂದು ಹೆಜ್ಜೆ ಇಟ್ಟರೆ ಇಟಲಿ. ಅಲ್ಲಿಯವರೆಗೆ ಹಸಿರು ಇಳಿಜಾರುಗಳನ್ನೇ ನೋಡುತ್ತ ಬಂದವರ ಎದುರು ಮಾಂಟ್ ಬ್ಲಾಂಕ್‌ನ ಇಟಲಿ ಮುಖ, ಕಪ್ಪು ಚೂಪು ಕಲ್ಲುಗಳ ಸಮೇತ ಒಮ್ಮೆಲೇ ತೆರೆದುಕೊಳ್ಳುತ್ತದೆ. ಕೆಲವು ದಿನಗಳ ಮೇಲೆ 2,537 ಮೀಟರ್‌ನ ಗ್ರಾಂಡ್ ಕೋಲ್ ಫೆರೆ ದಾಟಿದರೆ ಸ್ವಿಟ್ಜರ್‌ಲೆಂಡ್. ಆ ಬದಿಯಲ್ಲಿ ಇಳಿಜಾರು ಸೌಮ್ಯ, ಹಸುಗಳ ಗಂಟೆ, ಮರದ ಮನೆಗಳು. ಹಗ್ಗ ಹಿಡಿಯಬೇಕಾದ ಪ್ರಸಂಗ ಕಡಿಮೆ. ಕೊನೆಯ ಹಂತದಲ್ಲಿ ಶಾಮೊನಿ ಕಣಿವೆಯ ಮೇಲೆ ಕಬ್ಬಿಣದ ಏಣಿಗಳ ಒಂದು ಭಾಗವಿದೆ, ಎತ್ತರಕ್ಕೆ ಹೆದರುವವರು ಬಳಸುದಾರಿ ಹಿಡಿಯಬಹುದು.

ಕೊರತೆಯೂ ಅದರ ಹೆಸರಿನಲ್ಲೇ ಇದೆ: ಜನ. ಜುಲೈ-ಆಗಸ್ಟ್‌ನಲ್ಲಿ ಹಾದಿ ಜಾತ್ರೆ. ಆಗಸ್ಟ್ ಕೊನೆಯ ವಾರ ಇದೇ ಹಾದಿಯಲ್ಲಿ ಪ್ರಸಿದ್ಧ ಓಟದ ಸ್ಪರ್ಧೆ ನಡೆಯುತ್ತದೆ. ನಾವು ಹತ್ತು ದಿನ ನಡೆಯುವುದನ್ನು ಮೊದಲಿಗರು ಸುಮಾರು 20 ಗಂಟೆಯಲ್ಲಿ ಮುಗಿಸುತ್ತಾರೆ. ಆ ವಾರ ಹಾಸಿಗೆ ಸಿಗುವುದು ದುರ್ಲಭ. ತಂಗುಮನೆಗಳ ಮುಂಗಡವನ್ನು ಹಿಂದಿನ ಚಳಿಗಾಲದಲ್ಲೇ ಮಾಡಬೇಕು. ಗ್ರಾಂಡ್ ಜೊರಾಸ್‌ಗೆ ಎದುರಾಗಿ 2,025 ಮೀಟರ್‌ನಲ್ಲಿರುವ ರಿಫುಜಿಯೊ ಬೊನಾಟ್ಟಿಯಂಥವು ಬೇಗ ಭರ್ತಿಯಾಗುತ್ತವೆ. ಅಲ್ಲಿ ಒಂದು ಸಂಜೆ ಅಂಗಳದಲ್ಲಿ ಕುಳಿತವರಿಗೆ ಈ ಅವಸರ ಯಾಕೆಂದು ಅರ್ಥವಾಗುತ್ತದೆ.

ಮೊದಲ ಸಲ ಆಲ್ಪ್ಸ್‌ಗೆ ಹೋಗುವ, ಹತ್ತು ದಿನ ಬಿಡುವಿರುವ, ಏಕಾಂತದ ಹಟವಿಲ್ಲದವರಿಗೆ ಟಿಎಂಬಿಯನ್ನು ಈಗಲೂ ಕಣ್ಣುಮುಚ್ಚಿ ಹೇಳುತ್ತೇನೆ. ಜನಪ್ರಿಯವಾದುದನ್ನೆಲ್ಲ ಹೀಗಳೆಯುವ ಚಾರಣಿಗರ ಚಾಳಿ ನನಗೆ ಒಪ್ಪಿಗೆಯಿಲ್ಲ.

ಡೊಲೊಮೈಟ್ಸ್‌ನ ಆಲ್ಟಾ ವಿಯಾ 1

ಈಗ ನನ್ನ ಪಕ್ಷಪಾತ ಬಯಲಾಗುತ್ತದೆ. ತಂಗುಮನೆ ನೋಡಿ ಹಾದಿ ಆರಿಸುವುದಾದರೆ ಆಲ್ಟಾ ವಿಯಾ 1ಕ್ಕೆ ಸಾಟಿಯಿಲ್ಲ. ಈಶಾನ್ಯ ಇಟಲಿಯ ಡೊಲೊಮೈಟ್ಸ್ ಬೆಟ್ಟಸಾಲಿನಲ್ಲಿ, ಬ್ರಾಯೆಸ್ ಸರೋವರದಿಂದ ದಕ್ಷಿಣಕ್ಕೆ ಬೆಲ್ಲುನೊ ಕಡೆಗೆ ಸುಮಾರು 120 ಕಿಲೋಮೀಟರ್, ಎಂಟರಿಂದ ಹತ್ತು ದಿನ. ಸರೋವರದ ದಡದಲ್ಲಿ ದೋಣಿಯ ಚಿತ್ರ ತೆಗೆಯುವವರ ನೂಕುನುಗ್ಗಲು ಕಂಡು ಎದೆಗುಂದಬೇಡಿ. ಮೊದಲ ಏರು ಶುರುವಾಗಿ ಒಂದು ಗಂಟೆಯಲ್ಲಿ ಅವರೆಲ್ಲ ಹಿಂದುಳಿಯುತ್ತಾರೆ.

ಇಲ್ಲಿ ತಂಗುಮನೆಗಳು ಪಾಸ್‌ಗಳ ಮೇಲೆ, ಬಂಡೆಯ ಅಂಚಿನಲ್ಲಿ, ಕೆಲವು ಶಿಖರದ ನೆತ್ತಿಯಲ್ಲೇ ಕುಳಿತಿವೆ. 1883ರಲ್ಲಿ ತೆರೆದ ನುವೊಲಾವು ತಂಗುಮನೆ 2,575 ಮೀಟರ್‌ನ ಬೆಟ್ಟದ ತುದಿಯಲ್ಲಿದೆ, ಮಲಗಿದರೆ ಶಿಖರದ ಮೇಲೇ ಮಲಗಿದಂತೆ. 2,752 ಮೀಟರ್‌ನ ಲಗಾಝುವೊಯ್‌ನ ಅಂಗಳದಿಂದ ಸಂಜೆ ಸುತ್ತಲಿನ ಬಿಳಿಚು ಗೋಡೆಗಳು ಗುಲಾಬಿಗೆ ತಿರುಗಿ, ಕೆಂಪಾಗಿ, ಬೂದಿಯಾಗುವುದನ್ನು ನೋಡಬಹುದು. ಅದೇ ಬೆಟ್ಟದ ಹೊಟ್ಟೆಯಲ್ಲಿ ಮೊದಲ ಮಹಾಯುದ್ಧದ ಸುರಂಗಗಳಿವೆ. ಇಟಲಿ ಮತ್ತು ಆಸ್ಟ್ರಿಯಾದ ಸೈನಿಕರು ಒಬ್ಬರ ಕೆಳಗೊಬ್ಬರು ಬಂಡೆ ಕೊರೆದು ಸಿಡಿಮದ್ದು ಇಟ್ಟ ಜಾಗ. ಹೆಲ್ಮೆಟ್, ತಲೆಗೆ ಕಟ್ಟುವ ದೀಪ ಇದ್ದರೆ ಆ ಸುರಂಗದೊಳಗಿನಿಂದಲೇ ಫಲ್ಸಾರೆಗೊ ಪಾಸ್‌ಗೆ ಇಳಿಯಬಹುದು. ಒದ್ದೆ ಮೆಟ್ಟಿಲು, ತಗ್ಗು ಚಾವಣಿ, ನಡುನಡುವೆ ಬಂದೂಕಿಗೆಂದು ಕೊರೆದ ಕಿಂಡಿಗಳು. ಒಂದು ಕಿಂಡಿಯಲ್ಲಿ ಕಣ್ಣಿಟ್ಟರೆ ಕೆಳಗೆ ಬಸ್ಸುಗಳು ತಿರುವು ಹತ್ತುತ್ತಿರುತ್ತವೆ.

ದಕ್ಷಿಣಕ್ಕೆ ಸಾಗಿದಂತೆ ಜನ ತೆಳುವಾಗುತ್ತಾರೆ. ಚಿವೆಟ್ಟಾ ಬೆಟ್ಟದ ವಾಯವ್ಯ ಗೋಡೆ ಸಾವಿರ ಮೀಟರಿಗೂ ಹೆಚ್ಚು ನೆಟ್ಟಗೆ ನಿಂತಿದೆ, ಅದರ ಬುಡದಲ್ಲಿ ದಿನವಿಡೀ ನಡೆಯಬೇಕು. ಕೊನೆಯ ಸ್ಕಿಯಾರಾ ಭಾಗದಲ್ಲಿ ಕಬ್ಬಿಣದ ತಂತಿ ಹಿಡಿದು ಇಳಿಯುವ ವಿಯಾ ಫೆರ್ರಾಟಾ ಇದೆ. ಸಲಕರಣೆಯಿಲ್ಲದವರು ಅದಕ್ಕೂ ಮೊದಲೇ ರಸ್ತೆಗಿಳಿದು ಬಸ್ ಹಿಡಿಯುತ್ತಾರೆ. ಹಾಗೆ ಮಾಡುವುದರಲ್ಲಿ ಅವಮಾನವೇನಿಲ್ಲ.

ಎರಡು ಎಚ್ಚರಿಕೆ. ಸುಣ್ಣಕಲ್ಲಿನ ಬೆಟ್ಟವಾದುದರಿಂದ ಮಳೆನೀರು ನಿಲ್ಲದೆ ಒಳಗಿಳಿಯುತ್ತದೆ, ಹಾದಿಯಲ್ಲಿ ತೊರೆಗಳು ವಿರಳ. ಬೆಳಿಗ್ಗೆ ಎರಡು ಲೀಟರ್ ತುಂಬಿಕೊಂಡೇ ಹೊರಡಬೇಕು. ಎರಡನೆಯದು, ಮುಂಗಡವನ್ನು ಒಂದೊಂದು ತಂಗುಮನೆಗೂ ಬೇರೆ ಬೇರೆಯಾಗಿ ಇಮೇಲ್ ಬರೆದು, ಉತ್ತರ ಬರದಿದ್ದರೆ ಫೋನ್ ಮಾಡಿ, ಮುಂಗಡ ಹಣ ಕಳಿಸಿ ಮಾಡಬೇಕಾಗಬಹುದು. ಒಂದು ಕಡೆ ಇಲ್ಲವೆಂದರೆ ಇಡೀ ಸರಪಳಿಯನ್ನೇ ಒಂದು ದಿನ ಸರಿಸಬೇಕು. ತಾಳ್ಮೆ ಇಲ್ಲದವರಿಗೆ ಇದು ಹಾದಿಗಿಂತ ದೊಡ್ಡ ಏರು.

ಓಟ್ ರೂಟ್: ಬಲ ಇದ್ದವರಿಗೆ

ಶಾಮೊನಿಯಿಂದ ಜರ್ಮಾಟ್‌ಗೆ, ಅಂದರೆ ಮಾಂಟ್ ಬ್ಲಾಂಕ್‌ನ ಬುಡದಿಂದ ಮ್ಯಾಟರ್‌ಹಾರ್ನ್‌ನ ಬುಡಕ್ಕೆ. ಇದೇ ಹೆಸರಿನಲ್ಲಿ ಎರಡು ಹಾದಿಗಳಿವೆ ಎಂಬುದನ್ನು ಮೊದಲು ತಿಳಿದಿರಬೇಕು. ಮೂಲದ್ದು ಹಿಮನದಿಗಳ ಮೇಲೆ ಹಾಯುತ್ತದೆ, ಈಗ ಹೆಚ್ಚಾಗಿ ವಸಂತದಲ್ಲಿ ಸ್ಕೀ ಕಟ್ಟಿದವರು ಹೋಗುವ ಮಾರ್ಗ. ನಡೆಯುವವರ ಓಟ್ ರೂಟ್ ಅದಕ್ಕಿಂತ ಕೆಳಗೆ ಹಿಮನದಿಗಳನ್ನು ತಪ್ಪಿಸಿಕೊಂಡು ಸಾಗುತ್ತದೆ. ಮುಂಗಡ ಮಾಡುವಾಗ, ನಕ್ಷೆ ಇಳಿಸಿಕೊಳ್ಳುವಾಗ ಇವೆರಡನ್ನು ಬೆರೆಸಿಬಿಟ್ಟರೆ ಅಪಾಯ.

ನಡೆಯುವವರ ಹಾದಿ 180 ಕಿಲೋಮೀಟರಿಗೂ ಮಿಕ್ಕಿ, ಎರಡು ವಾರದ ಆಸುಪಾಸು. ಟಿಎಂಬಿಯಲ್ಲಿ ಮುಖ್ಯ ಹಾದಿಯ ಅತಿ ಎತ್ತರದ ಪಾಸ್ 2,537 ಮೀಟರ್ ಆದರೆ ಇಲ್ಲಿ ಪ್ರಾಫ್ಲೂರಿ, ಲೂವಿ, ತೊರಾಂ ಪಾಸ್‌ಗಳೆಲ್ಲ 2,900 ಮೀಟರ್ ದಾಟುತ್ತವೆ. ಬಂಡೆಗಳ ರಾಶಿ, ಹಳೆಯ ಹಿಮದ ತೇಪೆಗಳು, ಪಾ ದ ಶೆವ್ರ್‌ನಲ್ಲಿ ನೆಟ್ಟಗಿನ ಕಬ್ಬಿಣದ ಏಣಿಗಳು. ನಡುವೆ 285 ಮೀಟರ್ ಎತ್ತರದ ಗ್ರಾಂಡ್ ದಿಕ್ಸಾಂಸ್ ಅಣೆಕಟ್ಟಿನ ಸರೋವರದ ಪಕ್ಕ ನಡೆಯುತ್ತೀರಿ. ತನ್ನ ತೂಕದಿಂದಲೇ ನೀರನ್ನು ತಡೆದು ನಿಲ್ಲುವ ಬಗೆಯ ಅಣೆಕಟ್ಟುಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ್ದು. ಕೊನೆಯಲ್ಲಿ ರಾಂಡಾ ಊರಿನ ಮೇಲೆ 2017ರಲ್ಲಿ ತೆರೆದ 494 ಮೀಟರ್ ಉದ್ದದ ತೂಗುಸೇತುವೆ. ಜಾಲರಿಯ ನೆಲದಿಂದ ಪಾದದ ಕೆಳಗಿನ ಕಣಿವೆ ಕಾಣುತ್ತದೆ, ಕೆಲವರಿಗೆ ಅದು ಹಬ್ಬ, ಕೆಲವರಿಗೆ ಶಿಕ್ಷೆ. ಆ ಭಾಗದಲ್ಲಿ ಕಲ್ಲು ಉರುಳುವುದು ಹೊಸತಲ್ಲ, ಹಾದಿ ತೆರೆದಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಬೇಕು.

ಬಹುಪಾಲು ಸ್ವಿಟ್ಜರ್‌ಲೆಂಡಿನೊಳಗೇ ಇರುವುದರಿಂದ ನಾನಿಲ್ಲಿ ಹೋಲಿಸುವ ನಾಲ್ಕು ಹಾದಿಗಳಲ್ಲಿ ಖರ್ಚು ಇದಕ್ಕೇ ಹೆಚ್ಚು. ಟಿಎಂಬಿಯನ್ನೋ ಹಿಮಾಲಯದ ಒಂದು ದೀರ್ಘ ಚಾರಣವನ್ನೋ ಸುಖವಾಗಿ ಮುಗಿಸಿದವರಿಗೆ ಮಾತ್ರ ಇದನ್ನು ಹೇಳುತ್ತೇನೆ.

ಸ್ಟುಬಾಯ್: ಯಾರೂ ಕೇಳದ, ಕೇಳಬೇಕಾದ ಹಾದಿ

ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ನಾಯ್‌ಸ್ಟಿಫ್ಟ್ ಊರು. ಅದರ ಸುತ್ತ ಕುದುರೆಲಾಳದ ಆಕಾರದಲ್ಲಿ ಸ್ಟುಬಾಯ್ ಹೋಹೆನ್‌ವೆಗ್, ಎಂಟು ತಂಗುಮನೆಗಳನ್ನು ಪೋಣಿಸಿಕೊಂಡು ಒಂದು ವಾರದಲ್ಲಿ ಮುಗಿಯುತ್ತದೆ. ಬ್ರೆಮನ್, ನ್ಯೂರ್ನ್‌ಬರ್ಗ್, ಡ್ರೆಸ್ಡೆನ್, ರೇಗನ್ಸ್‌ಬುರ್ಗ್ ಎಂದು ಜರ್ಮನಿಯ ನಗರಗಳ ಹೆಸರುಗಳು ಆಸ್ಟ್ರಿಯಾದ ಬೆಟ್ಟದಲ್ಲಿ ಯಾಕಿವೆ ಎಂದರೆ, ಆಯಾ ನಗರದ ಪರ್ವತಾರೋಹಣ ಸಂಘದ ಶಾಖೆಗಳೇ ಹಣ ಕೂಡಿಸಿ ಅವನ್ನು ಕಟ್ಟಿಸಿದವು.

ಎಂಟೂ ಮನೆಗಳು 2,100ರಿಂದ 2,450 ಮೀಟರ್‌ಗಳ ನಡುವೆಯೇ ಇವೆ. ಟಿಎಂಬಿಯಲ್ಲಿ ಮತ್ತೆ ಮತ್ತೆ ಕಣಿವೆಯ ಊರಿಗಿಳಿದು ಮತ್ತೆ ಹತ್ತುವ ದಂಡನೆ ಇದೆ. ಇಲ್ಲಿ ಒಮ್ಮೆ ಮೇಲೆ ಹತ್ತಿದರೆ ವಾರವಿಡೀ ಮೇಲೇ ಇರುತ್ತೀರಿ. ದೂರ ಕಡಿಮೆ, ಆದರೆ ನೆಲ ಒರಟು. ಪಾಸ್‌ಗಳ ಬಳಿ ಬಂಡೆಗೆ ಹೊಡೆದ ತಂತಿ, ಸರಪಳಿ ಹಿಡಿದು ಏರಬೇಕಾದ ತುಣುಕುಗಳು ದಿನಕ್ಕೊಂದಾದರೂ ಸಿಗುತ್ತವೆ. 2,881 ಮೀಟರ್‌ನ ಗ್ರಾವಾಗ್ರೂಬೆನ್ನೀಡರ್ ದಾಟುವ ದಿನ ಉದ್ದ ಮತ್ತು ಕಠಿಣ. ನಡುವೆ ಡ್ರೆಸ್ಡನರ್ ಹ್ಯೂಟೆ ಸ್ಕೀ ಕಂಪನಿಯ ಕೇಬಲ್ ಕಾರ್ ಕಂಬಗಳ ನಡುವೆ ನಿಂತಿದೆ, ನೋಟಕ್ಕೆ ಸುಖವಿಲ್ಲ. ಶಿಖರದ ಆಸೆ ಇದ್ದವರಿಗೆ ಇನ್ಸ್‌ಬ್ರುಕರ್ ಹ್ಯೂಟೆಯಿಂದ 3,277 ಮೀಟರ್‌ನ ಹಾಬಿಶ್ಟ್ ಇದೆ. ಚೀಲ ಕೆಳಗಿಟ್ಟು ಹೋಗಿಬರಬಹುದು, ಆದರೆ ಕೈಯೂರಿ ಹತ್ತುವ ಧೈರ್ಯ ಬೇಕು.

ಮ್ಯೂನಿಕ್‌ನಲ್ಲೋ ಸ್ಟುಟ್‌ಗಾರ್ಟ್‌ನಲ್ಲೋ ಕೆಲಸದಲ್ಲಿರುವ ಕನ್ನಡಿಗರಿಗೆ ಒಂದು ವಾರದ ರಜೆಯಲ್ಲಿ ಹಣಕ್ಕೆ ತಕ್ಕ ಹಾದಿ ಎಂದರೆ ಇದೇ. ಸಂಘದ ಸದಸ್ಯತ್ವ ಪಡೆದರೆ ಹಾಸಿಗೆಯ ದರದಲ್ಲಿ ರಾತ್ರಿಗೆ ಕನಿಷ್ಠ 10 ಯೂರೊ ಉಳಿತಾಯ, ಜೊತೆಗೆ ಪರ್ವತ ರಕ್ಷಣೆಯ ವಿಮೆ. ಟಿಎಂಬಿಯ ಬಹುಪಾಲು ಮನೆಗಳು ಖಾಸಗಿಯವಾದುದರಿಂದ ಅಲ್ಲಿ ಈ ಸದಸ್ಯತ್ವಕ್ಕೆ ಅಷ್ಟು ಬೆಲೆಯಿಲ್ಲ.

ಇಷ್ಟೆಲ್ಲ ಆದ ಮೇಲೂ ಶಿಖರವೇ ಬೇಕೆನ್ನುವವರಿಗೆ

ಬೇಡವೆನ್ನುವುದಿಲ್ಲ. ಆದರೆ ಹಿಮನದಿ ದಾಟಬೇಕಾಗಿಲ್ಲದ ಶಿಖರ ಆರಿಸಿ. 2022ರ ಜುಲೈ 3ರಂದು ಡೊಲೊಮೈಟ್ಸ್‌ನ ಮಾರ್ಮೊಲಾಡಾ ಬೆಟ್ಟದ ಹಿಮನದಿಯ ಒಂದು ಭಾಗ ಕುಸಿದು 11 ಮಂದಿ ಸತ್ತ ಮೇಲೆ, ಬಿಸಿಲುಗಾಲದಲ್ಲಿ ಹಿಮನದಿಯ ಸಮೀಪ ಸುಳಿಯುವುದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ.

ನನ್ನ ಮೊದಲ ಆಯ್ಕೆ ಹೆಚ್ಚಿನವರು ಕೇಳಿಯೇ ಇರದ ರೊಚ್ಚಮೆಲೋನೆ, 3,538 ಮೀಟರ್, ಟ್ಯೂರಿನ್‌ನಿಂದ ರೈಲು ಹೋಗುವ ಸೂಸಾ ಊರಿನ ನೆತ್ತಿಯ ಮೇಲೆ. 1358ರಲ್ಲಿ ಅಸ್ತಿಯ ಬೊನಿಫಾಚೊ ರೊತಾರಿಯೊ ಎಂಬಾತ ಮೇರಿಮಾತೆಯ ಲೋಹದ ಚಿತ್ರಫಲಕವನ್ನು ಹೊತ್ತು ಇದರ ತುದಿಗೆ ಹತ್ತಿದ. ಮಾಂಟ್ ಬ್ಲಾಂಕ್ ಹತ್ತುವುದಕ್ಕೆ ನಾಲ್ಕು ಶತಮಾನ ಮೊದಲೇ! ಆಗಿನವರು ಆಲ್ಪ್ಸ್‌ನಲ್ಲಿ ಇದೇ ಅತಿ ಎತ್ತರದ ಬೆಟ್ಟ ಎಂದುಕೊಂಡಿದ್ದರು. ಇಂದಿಗೂ ಯಾತ್ರಿಕರು ಹತ್ತುತ್ತಾರೆ. ತುದಿಯಲ್ಲಿ 1899ರಲ್ಲಿ ಇಟಲಿಯ ಮಕ್ಕಳು ಕೊಟ್ಟ ಚಿಲ್ಲರೆ ಕಾಸಿನಿಂದ ನಿಲ್ಲಿಸಿದ ಮೇರಿಯ ಪ್ರತಿಮೆಯಿದೆ. ಲಾ ರಿಪೋಸಾವರೆಗೆ ವಾಹನ ಹೋಗುತ್ತದೆ, ಅಲ್ಲಿಂದ 1,300 ಮೀಟರ್‌ಗಿಂತ ತುಸು ಹೆಚ್ಚಿನ ಏರು. ನಡುವೆ 2,854 ಮೀಟರ್‌ನ ಕಾ ದಾಸ್ತಿ ತಂಗುಮನೆಯಲ್ಲಿ ರಾತ್ರಿ ಉಳಿದರೆ ಉಸಿರಾಟವೂ ಹೊಂದಿಕೊಳ್ಳುತ್ತದೆ. ದಕ್ಷಿಣ ಬದಿಯ ಈ ದಾರಿಯಲ್ಲಿ ಹಿಮನದಿಯಿಲ್ಲ; ತುದಿಯ ಬಳಿ ಕಡಿದಾದ ಭಾಗಕ್ಕೆ ಹಗ್ಗ ಕಟ್ಟಿದ್ದಾರೆ.

ಜರ್ಮನಿಯ ಅತಿ ಎತ್ತರದ ಜುಗ್‌ಸ್ಪಿಟ್ಸೆ, 2,962 ಮೀಟರ್, ಇದಕ್ಕೆ ತದ್ವಿರುದ್ಧ. ರೈನ್‌ಟಾಲ್ ಕಣಿವೆಯ ದಾರಿ ಸುಮಾರು 21 ಕಿಲೋಮೀಟರ್, 2,200 ಮೀಟರ್ ಏರಿಕೆ. ಎರಡು ದಿನ ಬೆವರು ಹರಿಸಿ ತುದಿ ಮುಟ್ಟಿದರೆ ಕೇಬಲ್ ಕಾರಿನಲ್ಲಿ ಬಂದವರು ಚಪ್ಪಲಿ ಹಾಕಿಕೊಂಡು ಸಾಸೇಜ್ ತಿನ್ನುತ್ತಿರುತ್ತಾರೆ. ದಾರಿ ಚೆನ್ನ, ತುದಿ ನಿರಾಸೆ. ಇಳಿಯುವಾಗ ಮೊಣಕಾಲಿಗೆ ಶ್ರಮವಿಲ್ಲದೆ ಅದೇ ಕೇಬಲ್ ಕಾರು ಹತ್ತಬಹುದು ಎಂಬುದು ಸಮಾಧಾನ.

ಕಾಲಿನ ಲೆಕ್ಕ

ಕುಕ್ಕೆಯಿಂದ ಕುಮಾರ ಪರ್ವತದ ತುದಿಗೆ ಸುಮಾರು 1,600 ಮೀಟರ್ ಏರಿಕೆ. ಅದನ್ನು ಮಾಡಿದವರು ಆಲ್ಪ್ಸ್‌ನ ಯಾವುದೇ ಒಂದು ದಿನದ ಏರಿಗೆ ಹೆದರಬೇಕಾಗಿಲ್ಲ. ವ್ಯತ್ಯಾಸ ಇರುವುದು ಎರಡನೆಯ ದಿನದಲ್ಲಿ. ಇಲ್ಲಿ ದಿನಕ್ಕೆ 800ರಿಂದ 1,200 ಮೀಟರ್ ಹತ್ತಿ, ಅಷ್ಟೇ ಇಳಿದು, ಮರುದಿನ ಮತ್ತೆ ಅದನ್ನೇ, ಹತ್ತು ದಿನ ಮಾಡಬೇಕು. ಸೋಲುವುದು ಶ್ವಾಸಕೋಶಕ್ಕಿಂತ ಮೊದಲು ಮೊಣಕಾಲು. ಎರಡು ಊರುಗೋಲು ಒಯ್ಯಿರಿ. ಇಂಬಳಗಳ ಕಾಟವಿಲ್ಲ ಎಂಬುದೊಂದು ದೊಡ್ಡ ನೆಮ್ಮದಿ.

ಕವಲುದಾರಿಗಳ ಹಳದಿ ಫಲಕಗಳಲ್ಲಿ ದೂರಕ್ಕೆ ಬದಲು ಗಂಟೆ ಬರೆದಿರುತ್ತಾರೆ, ಸ್ವಿಟ್ಜರ್‌ಲೆಂಡಿನಲ್ಲಂತೂ ಎಲ್ಲೆಡೆ. ಆ ಸಮಯದಲ್ಲಿ ವಿಶ್ರಾಂತಿ ಸೇರಿಲ್ಲ. ಚಿತ್ರ ತೆಗೆಯುವ, ತಿಂಡಿ ತಿನ್ನುವ ನಮ್ಮಂಥವರು ಅದಕ್ಕೆ ಮೂರನೇ ಒಂದು ಭಾಗ ಸೇರಿಸಿಕೊಳ್ಳುವುದು ಒಳಿತು. ಸ್ವಿಸ್ ಗುರುತುಗಳಲ್ಲಿ ಬಿಳಿ-ಕೆಂಪು-ಬಿಳಿ ಪಟ್ಟಿ ಸಾಮಾನ್ಯ ಬೆಟ್ಟದ ಹಾದಿ. ಬಿಳಿ-ನೀಲಿ-ಬಿಳಿ ಕಂಡರೆ ಅದು ಪಳಗಿದವರ ಹಾದಿ, ಕುತೂಹಲಕ್ಕೆಂದು ಹೊಗಬೇಡಿ. ಆಸ್ಟ್ರಿಯಾದಲ್ಲಿ ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ನೀಲಿಗೆ ಒಂದು ದೇಶದಲ್ಲಿ ಒಂದು ಅರ್ಥ, ಪಕ್ಕದ ದೇಶದಲ್ಲಿ ಇನ್ನೊಂದು ಎಂಬುದನ್ನು ಗಡಿ ದಾಟುವ ಮೊದಲೇ ನೆನಪಿಟ್ಟುಕೊಳ್ಳಬೇಕು.

ಬಾಗಿಲ ಒಳಗೆ

ಮಧ್ಯಾಹ್ನ ಮೂರು-ನಾಲ್ಕಕ್ಕೆ ತಂಗುಮನೆ ತಲುಪಿದರೆ ಮೊದಲು ಸಿಗುವುದು ಬೂಟಿನ ಕೋಣೆ. ಗೋಡೆಯುದ್ದಕ್ಕೂ ಮರದ ಹಲಗೆಗಳ ಮೇಲೆ ಕೆಸರು ಮೆತ್ತಿದ ಬೂಟುಗಳು, ಒಂದು ಮೂಲೆಯ ಬುಟ್ಟಿಯಲ್ಲಿ ಎಲ್ಲ ಅಳತೆಯ ರಬ್ಬರ್ ಚಪ್ಪಲಿಗಳು, ಒಣಗಲು ತೂಗುಹಾಕಿದ ಕಾಲುಚೀಲಗಳ ವಾಸನೆ. ಬೂಟು ಬಿಚ್ಚದೆ ಒಳಗೆ ಕಾಲಿಡುವಂತಿಲ್ಲ, ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆಮೇಲೆ ಯಜಮಾನ ಅಥವಾ ಯಜಮಾನಿಯ ಮೇಜಿನೆದುರು ಹೆಸರು ಹೇಳಿ ಹಾಸಿಗೆಯ ಸಂಖ್ಯೆ ಪಡೆಯುವುದು. ಡಾರ್ಮಿಟರಿಯಲ್ಲಿ ಉದ್ದಕ್ಕೆ ಸಾಲು ಹಾಸಿಗೆ, ಕಂಬಳಿ ಅವರದು, ಒಳಗೆ ಹೊದೆಯುವ ಚೀಲದಂಥ ತೆಳು ಬಟ್ಟೆ ನಿಮ್ಮದು. ಅದಿಲ್ಲದೆ ಮಲಗಲು ಬಿಡುವುದಿಲ್ಲ. ಸ್ನಾನಕ್ಕೆ ಟೋಕನ್, ಟೋಕನ್‌ಗೆ ಕೆಲವೇ ನಿಮಿಷ ಬಿಸಿನೀರು. ಎತ್ತರದ ಕೆಲವು ಮನೆಗಳಲ್ಲಿ ಸ್ನಾನವೇ ಇಲ್ಲ. ರಾತ್ರಿ ಹತ್ತಕ್ಕೆ ದೀಪ ಆರುತ್ತದೆ, ಗೊರಕೆ ಶುರುವಾಗುತ್ತದೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ.

ರಾತ್ರಿಯೂಟ, ಹಾಸಿಗೆ, ಬೆಳಗಿನ ತಿಂಡಿ ಸೇರಿಸಿ ಒಂದೇ ದರ ಹೇಳುವುದು ರೂಢಿ. ಸ್ಥೂಲವಾಗಿ ಫ್ರಾನ್ಸ್, ಇಟಲಿಯಲ್ಲಿ 60ರಿಂದ 90 ಯೂರೊ, ಸ್ವಿಟ್ಜರ್‌ಲೆಂಡಿನಲ್ಲಿ 80ರಿಂದ 100 ಫ್ರಾಂಕ್. ಆಸ್ಟ್ರಿಯಾದಲ್ಲಿ ಸದಸ್ಯರಿಗೆ ಇವೆರಡಕ್ಕಿಂತ ಅಗ್ಗ. ನಗದು ಇಟ್ಟುಕೊಂಡಿರಬೇಕು, ಮೇಲೆ ಕಾರ್ಡಿನ ಯಂತ್ರ ಕೈಕೊಡುತ್ತದೆ.

ಸಸ್ಯಾಹಾರಿಗಳು ಓದಲೇಬೇಕಾದ ಮಾತು: ಮುಂಗಡ ಮಾಡುವಾಗಲೇ ಬರೆದು ತಿಳಿಸಿ, ತಲುಪಿದ ಮೇಲೆ ಇನ್ನೊಮ್ಮೆ ಹೇಳಿ. ಅವರ ಲೆಕ್ಕದಲ್ಲಿ ಮೊಟ್ಟೆ ಸಸ್ಯಾಹಾರವೇ. ಸೂಪಿಗೆ ಮಾಂಸದ ತಿಳಿ ಬಳಸಿರಬಹುದು, ಚೀಸ್‌ನಲ್ಲಿ ಕರುವಿನ ಹೊಟ್ಟೆಯ ಹೆಪ್ಪು ಇರಬಹುದು. ಇವುಗಳ ಬಗ್ಗೆ ಕಟ್ಟುನಿಟ್ಟಾಗಿದ್ದರೆ ಬಿಡಿಸಿ ಹೇಳಬೇಕು. ಊಟದ ಮಟ್ಟಿಗೆ ಇಟಲಿಗೇ ಮೊದಲ ಸ್ಥಾನ. ಪಾಸ್ತಾ, ಮೆಕ್ಕೆಜೋಳದ ಮುದ್ದೆಯಂಥ ಪೊಲೆಂಟಾ, ಡೊಲೊಮೈಟ್ಸ್‌ನಲ್ಲಿ ಬೀಟ್‌ರೂಟ್ ತುಂಬಿ ಮೇಲೆ ಬೆಣ್ಣೆ, ಗಸಗಸೆ ಉದುರಿಸಿದ ಕಡುಬಿನಂಥ ಪಾಸ್ತಾ ಕಸುನ್‌ಝೀ. ಆಸ್ಟ್ರಿಯಾದಲ್ಲಿ ಕೈಸರ್‌ಶ್ಮಾರ್ನ್ ಎಂಬ ಸಿಹಿ ದೋಸೆಚೂರು ಒಂದೇ ತಟ್ಟೆಗೆ ಹೊಟ್ಟೆ ತುಂಬುತ್ತದೆ, ಮೊಟ್ಟೆ ತಿನ್ನುವವರಿಗೆ. ಸ್ವಿಟ್ಜರ್‌ಲೆಂಡಿನಲ್ಲಿ ಆಲೂಗಡ್ಡೆಯ ರೋಸ್ಟಿ, ಮರುದಿನವೂ ಆಲೂಗಡ್ಡೆ. ಚಟ್ನಿಪುಡಿಯ ಪೊಟ್ಟಣ ಎಲ್ಲಿಗೆ ಹೋದರೂ ಚೀಲದಲ್ಲಿರಲಿ. ಐದನೆಯ ದಿನ ಅದರ ಬೆಲೆ ತಿಳಿಯುತ್ತದೆ.

ಯಾವಾಗ, ಯಾವ ಕಾಗದದೊಂದಿಗೆ

ನಮ್ಮ ಶಾಲೆಗಳ ಏಪ್ರಿಲ್–ಮೇ ರಜೆ ಇಲ್ಲಿ ಉಪಯೋಗಕ್ಕೆ ಬಾರದು. ಆಗ ಪಾಸ್‌ಗಳ ತುಂಬ ಹಿಮ, ತಂಗುಮನೆಗಳಿಗೆ ಬೀಗ. ದಸರಾ ರಜೆಗೂ ಹೆಚ್ಚಿನವು ಮುಚ್ಚಿರುತ್ತವೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ ಕಾಲ. ಅದರಲ್ಲೂ 2,500 ಮೀಟರ್ ಮೇಲಿನ ನೆರಳಿನ ಬದಿಯಲ್ಲಿ ಜುಲೈ ಮೊದಲ ವಾರದವರೆಗೂ ಗಟ್ಟಿ ಹಿಮ ಉಳಿದಿರುತ್ತದೆ. ನನ್ನ ಮಟ್ಟಿಗೆ ಸೆಪ್ಟೆಂಬರ್ ಮೊದಲ ಎರಡು ವಾರ ಅತ್ಯುತ್ತಮ: ಗುಡುಗು ಕಡಿಮೆ, ಜನ ಕಡಿಮೆ. ಜುಲೈ-ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು ಸಾಮಾನ್ಯ, ಹಾಗಾಗಿ ಪಾಸ್‌ಗಳನ್ನು ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ದಾಟಿರಬೇಕು.

ಭಾರತದಿಂದ ಹೋಗುವವರಿಗೆ ಈ ದೇಶಗಳಿಗೆಲ್ಲ ಸಲ್ಲುವ ಒಂದೇ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಹೆಚ್ಚು ರಾತ್ರಿ ಕಳೆಯುವ ದೇಶಕ್ಕೇ ಅರ್ಜಿ ಹೋಗಬೇಕು, ಮೂರು ದೇಶ ಸುತ್ತುವ ಟಿಎಂಬಿಯಲ್ಲಿ ರಾತ್ರಿಗಳನ್ನು ಎಣಿಸಿಯೇ ನಿರ್ಧರಿಸಿ. ತಂಗುಮನೆಗಳ ಮುಂಗಡದ ಪತ್ರಗಳೇ ವಾಸದ ಪುರಾವೆ. ಕನಿಷ್ಠ 30,000 ಯೂರೊ ವಿಮೆ ಕಡ್ಡಾಯ, ಆದರೆ ಸಾಮಾನ್ಯ ಪ್ರವಾಸ ವಿಮೆ ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸುವ ಖರ್ಚನ್ನು ಕೊಡದಿರಬಹುದು. ಷರತ್ತುಗಳ ಸಣ್ಣ ಅಕ್ಷರ ಓದಿ. ಯುರೋಪಿನಲ್ಲೇ ನೆಲೆಸಿರುವವರು ಇನ್ನೊಂದನ್ನು ಗಮನಿಸಬೇಕು: ಸ್ವಿಟ್ಜರ್‌ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಗಡಿ ದಾಟಿದ ಕೂಡಲೇ ಮೊಬೈಲ್ ಬಿಲ್ ಏರಬಹುದು.

ನಡುವೆ ಬಿಟ್ಟು ಇಳಿಯಬೇಕಾದರೆ

ಹಾದಿ ಆರಿಸುವಾಗ ಯಾರೂ ಕೇಳದ ಪ್ರಶ್ನೆ ಇದು, ನಾನು ಮಾತ್ರ ಮೊದಲೇ ಕೇಳುತ್ತೇನೆ. ಮೂರು ದಿನ ಬಿಡದೆ ಮಳೆ ಸುರಿದರೆ, ಕಾಲು ಉಳುಕಿದರೆ ಏನು ಮಾಡುವುದು? ಟಿಎಂಬಿ ಇದರಲ್ಲಿ ಎಲ್ಲಕ್ಕಿಂತ ಉದಾರಿ. ಇಟಲಿಯ ಫೆರೆ ಕಣಿವೆಯಿಂದ ಕುರ್ಮಾಯೆರ್‌ಗೆ ಬೇಸಿಗೆಯಲ್ಲಿ ಬಸ್ ಇದೆ. ಸ್ವಿಸ್ ಬದಿಯ ಲಾ ಫೂಲಿ, ಶಾಂಪೆ, ಟ್ರಿಯಾಂ ಊರುಗಳಿಂದಲೂ ಬಸ್ ಸಿಗುತ್ತದೆ. ಒಂದು ಕಠಿಣ ಹಂತವನ್ನು ಬಸ್ಸಿನಲ್ಲಿ ಕಳೆದು ಮುಂದಿನ ಹಾಸಿಗೆಯನ್ನು ಉಳಿಸಿಕೊಳ್ಳಬಹುದು. ಆಲ್ಟಾ ವಿಯಾ 1ರಲ್ಲಿ ಫಲ್ಸಾರೆಗೊದಂಥ ರಸ್ತೆ ಪಾಸ್‌ಗಳಲ್ಲಿ ಕೊರ್ತಿನಾ ಪಟ್ಟಣಕ್ಕೆ ಬಸ್ ಹಿಡಿಯಬಹುದು, ದಕ್ಷಿಣದ ಅರ್ಧದಲ್ಲಿ ಆ ಅವಕಾಶಗಳು ದೂರ ದೂರ. ಓಟ್ ರೂಟ್‌ನಲ್ಲಿ ಅರೋಲಾ, ಝಿನಾಲ್‌ನಂಥ ಊರುಗಳಿಂದ ಬಸ್ ಇದೆ, ಆದರೆ ಪ್ರಾಫ್ಲೂರಿ ಸುತ್ತಮುತ್ತ ಇಳಿಯಬೇಕೆಂದರೆ ಮೊದಲು ಹಲವು ಗಂಟೆ ನಡೆಯಬೇಕು. ಸ್ಟುಬಾಯ್‌ನಲ್ಲಿ ಪ್ರತಿ ತಂಗುಮನೆಯಿಂದಲೂ ಕಣಿವೆಗೆ ಇಳಿಯುವ ದಾರಿಯಿದೆ, ಆಗ ನಾನು ಬೈದ ಡ್ರೆಸ್ಡನರ್ ಹ್ಯೂಟೆಯ ಕೇಬಲ್ ಕಾರೇ ದೇವರಂತೆ ಕಾಣುತ್ತದೆ.

ಹಾಗೆ ಇಳಿಯುವುದಾದರೆ ಆ ರಾತ್ರಿ ಕಾಯ್ದಿರಿಸಿದ್ದ ತಂಗುಮನೆಗೆ ಫೋನ್ ಮಾಡಿ ತಿಳಿಸಿಯೇ ಇಳಿಯಿರಿ. ಬರಬೇಕಾದವರು ಕತ್ತಲಾದರೂ ಬರದಿದ್ದರೆ ಅವರು ಹಿಂದಿನ ಮನೆಗೆ ಕರೆ ಮಾಡುತ್ತಾರೆ, ಅಲ್ಲಿನ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಬರೆದ ಮುಂದಿನ ಊರನ್ನು ನೋಡುತ್ತಾರೆ, ಆಮೇಲೆ ರಕ್ಷಣಾ ತಂಡವನ್ನು ಕರೆಯುತ್ತಾರೆ. ನಿಜವಾಗಿಯೂ ಸಿಕ್ಕಿಬಿದ್ದವರು ಈ ಎಲ್ಲ ದೇಶಗಳಲ್ಲೂ 112ಕ್ಕೆ ಕರೆ ಮಾಡಬಹುದು. ಸಿಗ್ನಲ್ ಇಲ್ಲದಿದ್ದರೆ ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದುವುದು ಅಥವಾ ದೀಪ ಮಿನುಗಿಸುವುದು, ಒಂದು ನಿಮಿಷ ನಿಲ್ಲಿಸುವುದು, ಮತ್ತೆ ಆರು ಸಲ. ಆಲ್ಪ್ಸ್‌ನಲ್ಲಿ ಸಹಾಯ ಕೇಳುವ ಸಂಕೇತ ಇದು. ಎದುರಿನಿಂದ ನಿಮಿಷಕ್ಕೆ ಮೂರು ಸಲ ಉತ್ತರ ಬಂದರೆ ಅವರಿಗೆ ಕೇಳಿಸಿದೆ ಎಂದರ್ಥ.